ಕೈಗಾದ ಕೊಳವೆಗಳು: ತುಕ್ಕು ಮತ್ತು ಬಿರುಕು ಹುಡುಕುವ ಕೆಲಸದ ಹಿನ್ನೆಲೆ

ಕೈಗಾ ಅಣುಸ್ಥಾವರ ಎಂದೊಡನೆ ಮಲೆನಾಡಿನಲ್ಲಿ ಏಳುವ ಮಾತು ಕಾಡು, ಕಾಳಿ ನದಿ, ವಿಕಿರಣ, ಪರಿಹಾರ, ಉದ್ಯೋಗ ಇಷ್ಟರ ಸುತ್ತಲೇ ಸುತ್ತುತ್ತದೆ. ಸಾಗರ, ಸೊರಬದಿಂದ ಶಿರಸಿ, ಯಲ್ಲಾಪುರದವರೆಗೆ ಈ ಬಗ್ಗೆ ನಡೆದ ಸಭೆಗಳಿಗೆ ಲೆಕ್ಕವಿಲ್ಲ. ಆದರೆ ಸ್ಥಾವರದ ಒಳಗಿನ ಕೊಳವೆಗಳು ಯಾವ ಸ್ಥಿತಿಯಲ್ಲಿವೆ, ಅವುಗಳನ್ನು ಹೇಗೆ ನೋಡುತ್ತಾರೆ, ನೋಡಿದ ಮೇಲೆ ಏನು ಬರೆದಿಡುತ್ತಾರೆ ಎಂಬ ಪ್ರಶ್ನೆ ಆ ಸಭೆಗಳಲ್ಲಿ ಏಳುವುದು ಅಪರೂಪ. ಈಗ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳ ಮಾತು ಒಂದು ಕಡೆ, ಮೊದಲ ಎರಡು ಘಟಕಗಳಿಗೆ ಕಾಲು ಶತಮಾನ ತುಂಬಿದ ಸಂಗತಿ ಇನ್ನೊಂದು ಕಡೆ ಇರುವಾಗ, ಚಾನೆಲ್, ಫೀಡರ್, ಹೈಡ್ರೈಡ್ ಎಂಬ ಪದಗಳು ವಿವರಣೆಯಿಲ್ಲದೆ ಸುದ್ದಿಗಳಲ್ಲಿ ತೂರಿ ಬರುತ್ತವೆ. ಓದುಗರಿಗೆ ಅದರ ತಲೆಬುಡ ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಜೂನ್‌ನಿಂದ ಬಿಡದೆ ಹೊಯ್ಯುವ ಮಳೆಗೆ ನಮ್ಮ ಮನೆಗಳ ತಗಡು, ಕೊಟ್ಟಿಗೆಯ ಸರಳು ತುಕ್ಕು ಹಿಡಿಯುವುದನ್ನು ಕಂಡವರು ಘಟ್ಟದ ತೇವವೇ ಸ್ಥಾವರಕ್ಕೂ ಶತ್ರು ಎಂದು ಭಾವಿಸುತ್ತಾರೆ. ಕೈಗಾದಲ್ಲಿ ಉಗಿಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್‌ಗಳನ್ನು ತಂಪಾಗಿಸುವುದು ಕದ್ರಾ ಜಲಾಶಯದ ಸಿಹಿನೀರು. ಹಾಗಾಗಿ ಕಡಲ ದಂಡೆಯ ಸ್ಥಾವರಗಳಿಗೆ ಇರುವ ಉಪ್ಪಿನ ಕಾಟವೂ ಅಲ್ಲಿಲ್ಲ. ನಿಜವಾದ ಆತಂಕ ಇರುವುದು ಒಳಗಡೆ, ಅತ್ಯಂತ ಶುದ್ಧವಾದ ನೀರು ಹರಿಯುವ ಜಾಗದಲ್ಲಿ. ಸುಮಾರು 290 ಡಿಗ್ರಿ ಸೆಲ್ಸಿಯಸ್ ಬಿಸಿ, ವಾತಾವರಣದ 80 ಪಟ್ಟಿಗೂ ಹೆಚ್ಚಿನ ಒತ್ತಡ, ಎಡೆಬಿಡದ ನ್ಯೂಟ್ರಾನ್‌ಗಳ ಹೊಡೆತ ಒಂದಾದಾಗ ಶುದ್ಧ ನೀರೂ ಲೋಹವನ್ನು ತಿನ್ನುತ್ತದೆ.

ಅದಕ್ಕಾಗಿಯೇ ನೀರಿನ ಗುಣದ ಮೇಲೆ ದಿನವೂ ಕಣ್ಣಿಡುತ್ತಾರೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನಮ್ಮ ಬೆಳೆಗಾರರು ಹೊಳಪಿನ ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಇನ್ನಷ್ಟು ಸುಣ್ಣದ ತಿಳಿ ಬೆರೆಸುತ್ತಾರಲ್ಲ, ಸ್ಥಾವರದ ರಸಾಯನ ವಿಭಾಗದವರು ಮಾಡುವುದೂ ಅದೇ ಬಗೆಯ ಕೆಲಸ. ಭಾರಜಲ, ಅಂದರೆ ಹೈಡ್ರೋಜನ್ನಿನ ಭಾರವಾದ ರೂಪ ಡ್ಯೂಟೀರಿಯಂ ಇರುವ ನೀರು, ಆಮ್ಲದ ಕಡೆ ವಾಲದಂತೆ ಲಿಥಿಯಂ ಹೈಡ್ರಾಕ್ಸೈಡ್ ಸೇರಿಸುತ್ತಾರೆ, ಕರಗಿದ ಆಮ್ಲಜನಕವನ್ನು ಆದಷ್ಟು ಕಡಿಮೆ ಇಡುತ್ತಾರೆ. ಆದರೆ ನೀರನ್ನು ಹದದಲ್ಲಿಟ್ಟ ಮಾತ್ರಕ್ಕೆ ಲೋಹ ಹದವಾಗಿದೆ ಎನ್ನಲಾಗದು. ಲೋಹವನ್ನೇ ಪರೀಕ್ಷಿಸಬೇಕು.

ಆ ಪರೀಕ್ಷೆಯ ವಿದ್ಯೆ ಅಣುಶಕ್ತಿಗಿಂತ ಹಳೆಯದು. ರೈಲ್ವೆ ಕಾರ್ಯಾಗಾರಗಳಲ್ಲಿ ಬಿಡಿಭಾಗಗಳಿಗೆ ಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಬಿರುಕು ಹುಡುಕುವ ಕ್ರಮ 19ನೇ ಶತಮಾನದ ಕೊನೆಗೇ ಇತ್ತು. ಅದರ ಇಂದಿನ ರೂಪವನ್ನು ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು ಬಲ್ಲರು. ಎರಕದ ಮೈಯನ್ನು ಚೊಕ್ಕ ಮಾಡಿ ಕೆಂಪು ಬಣ್ಣ ಸಿಂಪಡಿಸುತ್ತಾರೆ. ಹತ್ತು ಹದಿನೈದು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸುತ್ತಾರೆ. ಮೇಲೆ ಬಿಳಿಯ ಡೆವಲಪರ್ ಹೊಡೆಯುತ್ತಾರೆ. ಬಿರುಕಿನಲ್ಲಿ ಇಳಿದು ಕುಳಿತ ಬಣ್ಣ ಬಿಳಿಯ ಮೇಲೆ ಕೆಂಪು ಗೆರೆಯಾಗಿ ನಿಧಾನವಾಗಿ ಹೊರಬರುತ್ತದೆ. ಡಿಪಿ (ಡೈ ಪೆನಿಟ್ರಂಟ್) ಟೆಸ್ಟ್ ಎಂದು ಎಲ್ಲರೂ ಕರೆಯುವ ಈ ಪರೀಕ್ಷೆಗೆ ಮೇಲ್ಮೈಗೆ ಬಾಯಿ ತೆರೆದ ಬಿರುಕು ಮಾತ್ರ ಸಿಗುತ್ತದೆ. ಒಳಗೆ ಅಡಗಿದ್ದನ್ನು ಹಿಡಿಯಲು ಅಲ್ಟ್ರಾಸೋನಿಕ್ ತರಂಗ ಕಳುಹಿಸಿ ಪ್ರತಿಧ್ವನಿ ಕೇಳಬೇಕು, ಇಲ್ಲವೇ ಸುರುಳಿಯ ಮೂಲಕ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಅದರ ಏರುಪೇರು ಗಮನಿಸಬೇಕು. ರಿಯಾಕ್ಟರ್‌ನಲ್ಲಿ ಬಳಸುವುದೂ ಇವೇ ವಿದ್ಯೆಗಳನ್ನು. ವ್ಯತ್ಯಾಸವೆಂದರೆ ಅಲ್ಲಿ ಮನುಷ್ಯ ಹತ್ತಿರ ನಿಲ್ಲುವಂತಿಲ್ಲ.

ಅಣುಸ್ಥಾವರಗಳ ಮೊದಲ ಪೀಳಿಗೆ ಕಟ್ಟುವಾಗ ಇದನ್ನು ಯಾರೂ ಅಷ್ಟಾಗಿ ಯೋಚಿಸಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಚಾಲನೆಯಲ್ಲಿರುವ ಸ್ಥಾವರಗಳ ಆವರ್ತ ತಪಾಸಣೆಗೆ ಸಂಹಿತೆ ಬಂದಿತು, ಅದೇ ದಶಕದಲ್ಲಿ ಕುದಿನೀರಿನ ರಿಯಾಕ್ಟರ್‌ಗಳ ಸ್ಟೇನ್‌ಲೆಸ್ ಉಕ್ಕಿನ ಕೊಳವೆಗಳಲ್ಲಿ ಬೆಸುಗೆಯ ಪಕ್ಕದಲ್ಲೇ ಒತ್ತಡದ ತುಕ್ಕುಬಿರುಕು, ಅಂದರೆ ಲೋಹದೊಳಗಿನ ಎಳೆತವೂ ತುಕ್ಕೂ ಸೇರಿ ಹುಟ್ಟಿಸುವ ಬಿರುಕು, ಕಂಡಿತು. ಅದೇ ಜಾತಿಯ ನಮ್ಮ ತಾರಾಪುರದ ಮೊದಲೆರಡು ಘಟಕಗಳು 1969ರಿಂದ ನಡೆದು, 2020ರಲ್ಲಿ ನಿಂತವು.

ಕೈಗಾದ ಮಟ್ಟಿಗೆ ಮುಖ್ಯವಾದ ಕಥೆ ಬೇರೆಯದು. ಕೈಗಾದ ನಾಲ್ಕೂ ಘಟಕಗಳು 220 ಮೆಗಾವಾಟ್‌ನ ಭಾರಜಲ ರಿಯಾಕ್ಟರ್‌ಗಳು. ಒಂದೊಂದರಲ್ಲೂ 306 ಚಾನೆಲ್‌ಗಳು ಅಡ್ಡಲಾಗಿ ಮಲಗಿವೆ. ಪ್ರತಿ ಚಾನೆಲ್ಲಿನ ಒಳಗಿನ ಒತ್ತಡ ನಳಿಕೆಯಲ್ಲಿ ಇಂಧನವೂ ಬಿಸಿ ಭಾರಜಲವೂ ಇರುತ್ತವೆ. ಜಿರ್ಕೋನಿಯಂ ಮಿಶ್ರಲೋಹದ ಆ ನಳಿಕೆಯ ಗೋಡೆ ಮೂರೂವರೆ ಮಿಲಿಮೀಟರ್ ಆಸುಪಾಸಿನದು. ಅದರ ಹೊರಗೆ ಇನ್ನೊಂದು ನಳಿಕೆ, ಅದರಾಚೆ ತಣ್ಣನೆಯ ಭಾರಜಲ. ಬಿಸಿ ನಳಿಕೆ ಮತ್ತು ತಂಪು ನಳಿಕೆಗಳ ನಡುವಿನ ಸುಮಾರು 9 ಮಿಲಿಮೀಟರ್ ಸಂದಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಿಯುತ್ತದೆ, ಎರಡೂ ತಾಗದಂತೆ ಗಾರ್ಟರ್ ಸ್ಪ್ರಿಂಗ್ ಎಂಬ ಬಳೆಯಂಥ ಸುರುಳಿಗಳು ತಡೆಯುತ್ತವೆ.

ಈ ಸ್ಪ್ರಿಂಗ್ ಜಾಗ ಬಿಟ್ಟು ಸರಿದರೆ ಏನಾಗುತ್ತದೆಂದು ಜಗತ್ತಿಗೆ ತಿಳಿದದ್ದು 1983ರ ಆಗಸ್ಟ್ 1ರಂದು. ಕೆನಡಾದ ಪಿಕರಿಂಗ್ ಸ್ಥಾವರದ 2ನೇ ಘಟಕದ ಒಂದು ಒತ್ತಡ ನಳಿಕೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿತು. ಭಾರಜಲದಲ್ಲಿ ಜಿರ್ಕೋನಿಯಂ ತುಕ್ಕು ಹಿಡಿಯುವಾಗ ಬಿಡುಗಡೆಯಾಗುವ ಡ್ಯೂಟೀರಿಯಂನ ಒಂದು ಪಾಲು ಲೋಹದೊಳಕ್ಕೇ ಇಳಿಯುತ್ತದೆ. ಸ್ಪ್ರಿಂಗ್ ಸರಿದು ಬಾಗಿದ ನಳಿಕೆ ತಂಪು ನಳಿಕೆಗೆ ತಾಗಿದಾಗ ಅದು ಆ ತಣ್ಣನೆಯ ಜಾಗಕ್ಕೆ ಹರಿದುಬಂದು ಗಡುಸಾದ, ಸುಲಭವಾಗಿ ಒಡೆಯುವ ಹೈಡ್ರೈಡ್ ಬೊಕ್ಕೆಗಳಾಗುತ್ತದೆ. ಪಿಕರಿಂಗ್‌ನಲ್ಲಿ ಸೀಳು ಶುರುವಾದದ್ದು ಅಂಥ ಬೊಕ್ಕೆಗಳಿಂದ. ಭಾರತದ ಅಣುಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ.

ನಮ್ಮ ಹಳೆಯ ಸ್ಥಾವರಗಳಲ್ಲೂ ಇದ್ದದ್ದು ಪಿಕರಿಂಗ್‌ನ ಆ ನಳಿಕೆಯದೇ ಲೋಹ, ಜಿರ್ಕಲಾಯ್-2 ಎಂಬ ಜಿರ್ಕೋನಿಯಂ ಮಿಶ್ರಲೋಹ. ಆದ್ದರಿಂದ ಒಳಗೆ ಹೊಕ್ಕು ನೋಡುವ ಸಾಧನ ಬೇಕಾಯಿತು, ಭಾಭಾ ಅಣು ಸಂಶೋಧನಾ ಕೇಂದ್ರ ಬಾರ್ಸಿಸ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಸ್ಥಾವರ ನಿಲ್ಲಿಸಿ, ಆರಿಸಿದ ಚಾನೆಲ್ಲಿನ ಇಂಧನ ಹೊರತೆಗೆದು, ತುದಿಯಿಂದ ತಪಾಸಣೆಯ ತಲೆಯನ್ನು ತೂರಿಸುತ್ತಾರೆ. ಅದು ಮುಂದೆ ಸಾಗುತ್ತ, ತಿರುಗುತ್ತ ಗೋಡೆಯ ದಪ್ಪ ಅಳೆಯುತ್ತದೆ, ಗೀರು ಬಿರುಕು ಹುಡುಕುತ್ತದೆ, ಸುಳಿ ವಿದ್ಯುತ್ತಿನಿಂದ ಸ್ಪ್ರಿಂಗ್ ಎಲ್ಲಿದೆ ಎಂದು ಗುರುತಿಸುತ್ತದೆ. ನಳಿಕೆ ಎಷ್ಟು ಹೈಡ್ರೋಜನ್ ಕುಡಿದಿದೆ ಎಂದು ತಿಳಿಯಲು ಒಳಮೈಯಿಂದ ತೆಳ್ಳನೆಯ ಹೆರೆ ಕೆರೆದು ತರುವ ಉಪಕರಣವೂ ಬಂದಿತು. ಪರಮಾಣು ತಂತ್ರಜ್ಞಾನದಲ್ಲಿ ನಾವು ಹೆಮ್ಮೆ ಪಡಬೇಕಾದ ಸಂಗತಿಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ ಸಲ್ಲಬೇಕು. ರಾಜಸ್ಥಾನದ 2ನೇ ಘಟಕದ ಚಾನೆಲ್‌ಗಳನ್ನೆಲ್ಲ ಬದಲಿಸಿ 1998ರಲ್ಲಿ ಮತ್ತೆ ಓಡಿಸಿದರು. ಗುಜರಾತಿನ ಕಾಕ್ರಪಾರದ 2ನೇ ಘಟಕದಿಂದ ಮುಂದೆ, ಅಂದರೆ ಕೈಗಾದ ನಾಲ್ಕರಲ್ಲೂ, ಹೈಡ್ರೋಜನ್ ಕಡಿಮೆ ಹೀರುವ ಜಿರ್ಕೋನಿಯಂ–ನಿಯೋಬಿಯಂ ನಳಿಕೆಗಳನ್ನು ಹಾಕಲಾಯಿತು. ಪಿಕರಿಂಗ್ ಕಲಿಸಿದ ಪಾಠ ಅಲ್ಲಿಗೆ ಮುಗಿಯಿತು ಎನ್ನುವ ಭಾವನೆ ಸಹಜವಾಗಿಯೇ ಬೆಳೆಯಿತು.

2016ರ ಮಾರ್ಚ್ 11ರ ಬೆಳಿಗ್ಗೆ ಗುಜರಾತಿನ ಕಾಕ್ರಪಾರದ 1ನೇ ಘಟಕದ ಒಂದು ಚಾನೆಲ್ಲಿನಿಂದ ಭಾರಜಲ ಸೋರಿತು. ರಿಯಾಕ್ಟರ್ ತಾನಾಗಿ ನಿಂತಿತು, ಸ್ಥಾವರದ ಮಟ್ಟಿಗೆ ತುರ್ತುಸ್ಥಿತಿ ಘೋಷಣೆಯಾಯಿತು. ಬೆರಗು ಹುಟ್ಟಿಸಿದ್ದು ಆ ನಳಿಕೆಯ ವಯಸ್ಸು: ಹಳೆಯವನ್ನು ತೆಗೆದು ಹೊಸ ಲೋಹದ ನಳಿಕೆಗಳನ್ನು ಹಾಕಿ ಘಟಕವನ್ನು ಮತ್ತೆ ಓಡಿಸಿದ್ದು 2011ರ ಸುಮಾರಿಗೆ. ಪಕ್ಕದ 2ನೇ ಘಟಕದಲ್ಲಿ 2015ರ ಜುಲೈನಲ್ಲೇ ಒಂದು ಚಾನೆಲ್ ಸೋರಿತ್ತು, ಅಲ್ಲಿದ್ದ ನಳಿಕೆಗಳು 1990ರ ದಶಕದವು. ಹೊಸದೂ ಸೋರಿತು, ಹಳೆಯದೂ ಸೋರಿತು ಎಂದ ಮೇಲೆ ಕಾರಣ ಮುಪ್ಪಲ್ಲ ಎಂಬುದು ಸ್ಪಷ್ಟವಾಯಿತು. ನಳಿಕೆಗಳನ್ನು ಹೊರತೆಗೆದು ನೋಡಿದಾಗ ಅವುಗಳ ಹೊರಮೈಯಲ್ಲಿ ಅಲ್ಲಲ್ಲಿ ತುಕ್ಕಿನ ಮಚ್ಚೆಗಳು ಎದ್ದಿದ್ದವು. ತನಿಖೆ ಬೆರಳು ತೋರಿಸಿದ್ದು ಸಂದಿನಲ್ಲಿ ಹರಿಯುವ ಇಂಗಾಲದ ಡೈಆಕ್ಸೈಡ್‌ನ ಕಡೆಗೆ: ಅದರೊಡನೆ ಕಲ್ಮಶ ಸೇರಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಅನಿಲ ಅಲ್ಲಿರುವುದೇ ಕಾವಲಿಗಾಗಿ. ನಳಿಕೆಯಲ್ಲಿ ಸಣ್ಣ ಸೋರಿಕೆಯಾದರೂ ಅನಿಲದ ತೇವಾಂಶ ಏರಿ ಸುಳಿವು ಸಿಗಬೇಕು, ನಳಿಕೆ ಸೀಳುವ ಮೊದಲೇ ಸ್ಥಾವರ ನಿಲ್ಲಿಸಬೇಕು ಎಂಬುದು ವಿನ್ಯಾಸದ ನಂಬಿಕೆ. ಕಾವಲಿಗಿಟ್ಟ ಅನಿಲದ ಜೊತೆಯಲ್ಲೇ ತುಕ್ಕು ಬಂದಿತು. ಅಷ್ಟು ವರ್ಷ ಶ್ರದ್ಧೆಯಿಂದ ನಡೆದ ತಪಾಸಣೆ ನಳಿಕೆಯನ್ನು ಒಳಗಿನಿಂದ ನೋಡುವುದಕ್ಕೆ, ಗೊತ್ತಿದ್ದ ರೋಗಗಳನ್ನು ಹುಡುಕುವುದಕ್ಕೆ ರೂಪುಗೊಂಡದ್ದು. ಹೊರಮೈಯ ಮಚ್ಚೆ ಅದರ ಪಟ್ಟಿಯಲ್ಲಿ ಇರಲಿಲ್ಲ. ಇದನ್ನು ಯಾರೋ ಒಬ್ಬರ ಅಲಕ್ಷ್ಯ ಎಂದು ಓದಿದರೆ ವಿಷಯ ಕೈತಪ್ಪುತ್ತದೆ. ಜಪಾನಿನ ಮಿಹಾಮಾ ಅಣುಸ್ಥಾವರದಲ್ಲಿ 2004ರ ಆಗಸ್ಟ್ 9ರಂದು ಬಿಸಿನೀರಿನ ಕೊಳವೆ ಒಡೆದು ಐವರು ಕೆಲಸಗಾರರು ಸತ್ತರು. 10 ಮಿಲಿಮೀಟರ್ ಇದ್ದ ಗೋಡೆ ಹರಿವಿನ ಸವಕಳಿಗೆ 2 ಮಿಲಿಮೀಟರ್‌ಗೂ ಕೆಳಗೆ ಇಳಿದಿತ್ತು, ಆ ಜಾಗ ತಪಾಸಣೆಯ ಪಟ್ಟಿಯಿಂದಲೇ ಬಿಟ್ಟುಹೋಗಿತ್ತು. ಫ್ರಾನ್ಸಿನಲ್ಲಿ 2021ರ ಕೊನೆಗೆ ಉಷ್ಣದ ಆಯಾಸದಿಂದಾಗುವ ಬಿರುಕನ್ನು ಹುಡುಕುತ್ತಿದ್ದವರಿಗೆ, ಅಲ್ಲಿ ಬಾರದು ಎಂದುಕೊಂಡಿದ್ದ ಒತ್ತಡದ ತುಕ್ಕುಬಿರುಕು ಸಿಕ್ಕಿತು. ಹುಡುಕುವವರು ಸಮರ್ಥರಿದ್ದರೂ ಎಲ್ಲಿ ಹುಡುಕಬೇಕೆಂಬ ಪಟ್ಟಿ ಹಿಂದಿನ ಅಪಘಾತದ ನೆನಪಿನಲ್ಲಿ ಬರೆದದ್ದಾಗಿರುತ್ತದೆ.

ಕಾಕ್ರಪಾರದ ನಂತರ ದೇಶದ ಇತರ ಭಾರಜಲ ಸ್ಥಾವರಗಳ ನಳಿಕೆಗಳ ಹೊರಮೈಯನ್ನೂ ಪರೀಕ್ಷೆಗೆ ಒಳಪಡಿಸಲಾಯಿತು. ಕಾಕ್ರಪಾರದ ಎರಡೂ ಘಟಕಗಳ ಚಾನೆಲ್‌ಗಳನ್ನು ಪೂರ್ತಿ ಬದಲಿಸಿದರು. ಅವು 2018 ಮತ್ತು 2019ರಲ್ಲಿ ಮರಳಿದವು. ಅದೇ ಅವಧಿಯಲ್ಲಿ ಕೈಗಾದ 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಅಂದಿನ ವಿಶ್ವದಾಖಲೆ ಬರೆಯಿತು. ಓಡುತ್ತಿರುವಾಗಲೇ ಇಂಧನ ಬದಲಿಸಬಲ್ಲ ರಿಯಾಕ್ಟರ್ ಆದ್ದರಿಂದ ಇದು ಸಾಧ್ಯವಾಯಿತು, ನಡೆಸಿದವರ ಕೌಶಲಕ್ಕೆ ಮೆಚ್ಚುಗೆಯೂ ಸಲ್ಲಬೇಕು. ಆದರೆ ಚಾನೆಲ್ಲಿನೊಳಕ್ಕೆ ತಪಾಸಣೆಯ ತಲೆ ಇಳಿಯಬೇಕಾದರೆ ಸ್ಥಾವರ ನಿಲ್ಲಲೇಬೇಕು. ದಾಖಲೆಯ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂದಿತು; ನಿಂತ ಮೇಲೆ ಒಳಗೆ ಏನು ಕಂಡಿತು ಎಂಬುದನ್ನು ಅಷ್ಟೇ ಆಸ್ಥೆಯಿಂದ ಕೇಳಿದವರು ಕಡಿಮೆ. ಹೊಸ ಘಟಕಗಳ ಸಾರ್ವಜನಿಕ ಅಹವಾಲು ನಡೆದದ್ದೂ ಆ ಡಿಸೆಂಬರ್‌ನಲ್ಲೇ.

ಮುಂದಿನ ಹಂತ ಏನೆಂಬುದಕ್ಕೆ ರಾಜಸ್ಥಾನದತ್ತ ನೋಡಬಹುದು. ಅಲ್ಲಿನ 3ನೇ ಘಟಕ ಕೈಗಾದ ಮೊದಲೆರಡು ಘಟಕಗಳಂತೆ 2000ದಲ್ಲೇ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು. ಅದನ್ನು ನಿಲ್ಲಿಸಿ, ಚಾನೆಲ್‌ಗಳ ಜೊತೆಗೆ ಅವುಗಳಿಗೆ ಭಾರಜಲ ಒಯ್ಯುವ, ಬಾಗುಗಳಲ್ಲಿ ಸವೆಯುವ ಫೀಡರ್ ಕೊಳವೆಗಳನ್ನೂ ಬದಲಿಸಿ 2024ರ ಜುಲೈನಲ್ಲಿ ಮತ್ತೆ ಜಾಲಕ್ಕೆ ಸೇರಿಸಿದರು. ಕೈಗಾದ ಸರದಿ ಬಂದಾಗ ನಳಿಕೆಗಳು ಹೊರಬರುತ್ತವೆ, ಅವುಗಳ ಒಳಮೈ ಹೊರಮೈ ಎರಡನ್ನೂ ನೇರವಾಗಿ ನೋಡುವ ಅವಕಾಶ ಸಿಗುತ್ತದೆ. 306ರಲ್ಲಿ ಎಷ್ಟನ್ನು ಹೀಗೆ ಪರೀಕ್ಷಿಸಿದರು, ಎಷ್ಟು ಹೈಡ್ರೋಜನ್ ಕಂಡಿತು, ಹೊರಮೈ ಹೇಗಿತ್ತು ಎಂಬ ಅಂಕಿಗಳನ್ನು ಕನ್ನಡದಲ್ಲಿ, ಶಿರಸಿಯ ಅಥವಾ ಸಾಗರದ ಕಾಲೇಜಿನ ವಿದ್ಯಾರ್ಥಿಗೂ ಅರ್ಥವಾಗುವಂತೆ ಪ್ರಕಟಿಸಲು ತಾಂತ್ರಿಕ ಅಡ್ಡಿ ಯಾವುದೂ ಇಲ್ಲ.