ತುಂಬಿದ ದೋಣಿ ತೇಲಬೇಕಾದರೆ ಫೋಮ್ ಎಲ್ಲಿರಬೇಕು?

ಹಳೆಯ ಮರದ ದೋಣಿಗೆ ಒಂದು ಒಳ್ಳೆಯ ಗುಣವಿತ್ತು. ಅಲೆ ಹೊಡೆದು ಒಳಗೆ ನೀರು ತುಂಬಿದರೂ ಅದು ಸುಲಭಕ್ಕೆ ತಳ ಸೇರುತ್ತಿರಲಿಲ್ಲ. ಹೆಬ್ಬಲಸು, ಮಾವಿನಂಥ ಮರಗಳು ನೀರಿಗಿಂತ ಹಗುರ. ಅಂಚಿನವರೆಗೆ ನೀರು ತುಂಬಿಕೊಂಡೇ ದೋಣಿ ಮೇಲೆ ನಿಲ್ಲುತ್ತಿತ್ತು. ಜನ ಅದನ್ನು ಹಿಡಿದುಕೊಂಡು ಸಹಾಯಕ್ಕೆ ಕಾಯಬಹುದಿತ್ತು.

ಈಗ ಮಲ್ಪೆಯಲ್ಲಾಗಲಿ, ಉಳ್ಳಾಲದಲ್ಲಾಗಲಿ ಸಣ್ಣ ದೋಣಿ ಎಂದರೆ ಹೆಚ್ಚಾಗಿ ಫೈಬರ್‌ದೇ. ಫೈಬರ್ ಕೊಳೆಯುವುದಿಲ್ಲ, ಹುಳ ಕೊರೆಯುವುದಿಲ್ಲ. ಆದರೆ ಗಾಜಿನ ನಾರು ಮತ್ತು ರೆಸಿನ್ ಸೇರಿದ ಈ ವಸ್ತು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಒಳಗೆ ಗಾಳಿ ಇರುವ ತನಕ ಮಾತ್ರ ಅದು ತೇಲುತ್ತದೆ. ಅಳಿವೆ ಬಾಗಿಲಿನಲ್ಲಿ ಒಂದು ದೊಡ್ಡ ಅಲೆ ಒಳಗೆ ಬಿತ್ತು ಎಂದರೆ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ. ಆಮೇಲೆ ಎಂಜಿನ್ ಸಮೇತ ಎಲ್ಲವೂ ಕೆಳಗೆ. ಮರದಲ್ಲಿದ್ದ ಆ ಗುಣವನ್ನು ಫೈಬರ್ ದೋಣಿಗೆ ಕೊಡುವುದೇ ಫೋಮ್‌ನ, ಅಂದರೆ ಮುಚ್ಚಿದ ಗುಳ್ಳೆಗಳು ತುಂಬಿದ ಹಗುರ ವಸ್ತುವಿನ ಕೆಲಸ. ಹಳೆಯ ದೋಣಿಯ ನೆಲಹಾಸು, ಸೀಟು ಎಲ್ಲ ಬಿಚ್ಚಿ ರಿಪೇರಿಗೆ ಇಳಿದಾಗಲೇ ಇದನ್ನು ಮಾಡಿಬಿಡಬೇಕು.

ಫೋಮ್ ಹಾಕಿದರೆ ದೋಣಿ ಹಗುರವಾಗುತ್ತದೆ ಎಂದು ಕೆಲವರು ನಂಬುತ್ತಾರೆ. ಹಾಗಲ್ಲ. ದಿನದ ಓಡಾಟದಲ್ಲಿ ಫೋಮ್ ಸುಮ್ನೆ ಕೂತಿರುವ ತೂಕ, ಅಷ್ಟೇ. ಮುಳುಗಿದ ವಸ್ತು ಎಷ್ಟು ನೀರನ್ನು ಸರಿಸುತ್ತದೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ ಎಂದು ಆರ್ಕಿಮಿಡೀಸ್ ಹೇಳಿದ್ದನ್ನು ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ದೋಣಿಗೆ ನೀರು ನುಗ್ಗಿ ಫೋಮ್ ನೀರಿನೊಳಗೆ ಸೇರಿದಾಗಲೇ ಅದರ ದುಡಿಮೆ ಶುರು.

ಎಷ್ಟು ಫೋಮ್ ಬೇಕು? ಈ ಲೆಕ್ಕ ಕಷ್ಟವಿಲ್ಲ. ಒಂದು ಲೀಟರ್ ಸಮುದ್ರದ ನೀರಿನ ತೂಕ ಸುಮಾರು 1.025 ಕಿಲೋ. ದೋಣಿಗೆ ಬಳಸುವ ಪಾಲಿಯುರೆಥೇನ್ ಫೋಮ್ ಒಂದು ಲೀಟರಿಗೆ ಸುಮಾರು 32 ಗ್ರಾಂ. ಅಂದರೆ ಒಂದು ಲೀಟರ್ ಫೋಮ್ ಹತ್ತಿರ ಹತ್ತಿರ ಒಂದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಇನ್ನು ಎತ್ತಬೇಕಾದ ಭಾರ. 300 ಕಿಲೋ ತೂಗುವ ಫೈಬರ್ ಒಡಲು ನೀರಿನಲ್ಲಿ ಮುಳುಗಿದಾಗ ಸುಮಾರು 95 ಕಿಲೋ ಮಾತ್ರ ತೂಗುತ್ತದೆ, ಉಳಿದದ್ದನ್ನು ನೀರೇ ಹೊರುತ್ತದೆ. ನೈಲಾನ್ ಬಲೆ ನೀರಿಗಿಂತ ಸ್ವಲ್ಪವೇ ಭಾರ, ಅದರ ಚಿಂತೆ ಬೇಡ. ಮೀನೂ ಹಾಗೆಯೇ. ಆದರೆ ಕಬ್ಬಿಣದ ಲಂಗರು, ಬಲೆಯ ಸೀಸದ ಗುಂಡು, ಎಂಜಿನ್ ಇವು ಜಾಸ್ತಿ ರಿಯಾಯಿತಿ ಕೊಡುವುದಿಲ್ಲ. ಹತ್ತು ಕಿಲೋ ಕಬ್ಬಿಣ ನೀರಿನೊಳಗೂ ಎಂಟೂಮುಕ್ಕಾಲು ಕಿಲೋದಷ್ಟು ತೂಗುತ್ತದೆ. ಒಡಲಿನ 95ರ ಜೊತೆ ಎಂಜಿನ್‌ಗೆ 35, ಸಾಮಾನಿಗೆ 20, ಅರ್ಧ ಮೈ ನೀರಿನ ಮೇಲಿಟ್ಟು ದೋಣಿಯಲ್ಲಿ ಕೂತ ಜನರಿಗೆ 100 ಎಂದು ಹಿಡಿದರೆ ಒಟ್ಟು 250 ಕಿಲೋ. ಬೇಕಾದ ಫೋಮ್ 250 ಲೀಟರ್, ಅಂದರೆ ಸುಮಾರು ಒಂಬತ್ತು ಘನ ಅಡಿ. ಅದರ ಸ್ವಂತ ತೂಕ ಎಂಟು ಕಿಲೋ.

ಲೆಕ್ಕ ಸರಿಯಾದರೂ ಜಾಗ ತಪ್ಪಿದರೆ ಪ್ರಯೋಜನವಿಲ್ಲ. ನೆಲಹಾಸಿನ ಕೆಳಗೆ ಖಾಲಿ ಜಾಗ ಇದೆ ಎಂದು ಎಲ್ಲ ಫೋಮನ್ನೂ ಅಲ್ಲೇ ತುಂಬುವುದುಂಟು. ಇದು ಅಪಾಯ. ಕರಾವಳಿಯ ಮಕ್ಕಳು ಈಜು ಕಲಿಯುವಾಗ ಒಣ ತೆಂಗಿನಕಾಯಿಗಳ ಜೋಡಿಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಅದೇ ಕಾಯಿಗಳನ್ನು ಕಾಲಿಗೆ ಕಟ್ಟಿದರೆ ಕಾಲು ಮೇಲೆ ಬರುತ್ತದೆ, ತಲೆ ನೀರಿನೊಳಗೆ ಹೋಗುತ್ತದೆ. ತಳದಲ್ಲಿ ಫೋಮ್, ಮೇಲೆ ಎಂಜಿನ್ ಮತ್ತು ಜನ ಇರುವ ದೋಣಿಯ ಗತಿಯೂ ಅದೇ. ನೀರು ತುಂಬಿದ ಕೂಡಲೇ ಹಗುರವಾದ ತಳ ಮೇಲಕ್ಕೆ ಬರಲು ನೋಡುತ್ತದೆ, ದೋಣಿ ಮಗುಚುತ್ತದೆ. ಒಳಗಿನ ನೀರು ವಾಲಿದ ಕಡೆಗೇ ಓಡುವುದರಿಂದ ಇದು ಇನ್ನೂ ಬೇಗ ಆಗುತ್ತದೆ. ಮಗುಚಿದ ನುಣುಪು ಫೈಬರ್ ತಳವನ್ನು ಮಳೆಗಾಲದ ಕಡಲಿನಲ್ಲಿ ಹಿಡಿದುಕೊಳ್ಳುವುದು ಯಾರಿಂದಲೂ ಸುಲಭವಲ್ಲ.

ಹಾಗಾಗಿ ಫೋಮ್‌ನ ದೊಡ್ಡ ಪಾಲು ಎರಡೂ ಪಕ್ಕಗಳಲ್ಲಿ, ಮೇಲಂಚಿನ ಹತ್ತಿರ, ಆದಷ್ಟು ಹೊರಬದಿಗೆ ಇರಬೇಕು. ಆಗ ದೋಣಿ ಎಡಕ್ಕೆ ವಾಲಿದರೆ ಎಡಗಡೆಯ ಫೋಮ್ ಹೆಚ್ಚು ಮುಳುಗುತ್ತದೆ, ಹೆಚ್ಚು ತಳ್ಳುತ್ತದೆ, ದೋಣಿ ತಾನೇ ಮಟ್ಟಕ್ಕೆ ಬರುತ್ತದೆ. ಎಂಜಿನ್ ಹೊರುವ ಹಿಂಬದಿಯ ಎರಡೂ ಮೂಲೆಗಳಿಗೆ ಬೇರೆಯೇ ಪಾಲು ಕೊಡಬೇಕು. ಇಲ್ಲದಿದ್ದರೆ ಹಿಂಬದಿ ಇಳಿದು ದೋಣಿ ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ, ಕಾರ್ಖಾನೆಯಲ್ಲಿ ತಯಾರಾಗುವ ಔಟ್‌ಬೋರ್ಡ್ ದೋಣಿಗಳು (ಹಿಂಬದಿಯ ಹೊರಗೆ ಎಂಜಿನ್ ಸಿಕ್ಕಿಸುವಂಥವು) ನೀರು ತುಂಬಿದಾಗಲೂ ಮಟ್ಟಸವಾಗಿ ತೇಲಬೇಕು ಎಂಬ ನಿಯಮ 1970ರ ದಶಕದಿಂದ ಇದೆ. ನಮ್ಮ ಸಣ್ಣ ದೋಣಿಗಳಿಗೂ ಇಂಥದ್ದು ಬೇಕೇ ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾವ ಫೋಮ್? ಮೀನು ಪೆಟ್ಟಿಗೆಯ ಥರ್ಮೋಕೋಲ್ ಬಂದರಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಪೆಟ್ರೋಲ್ ತಾಗಿದರೆ ಅದು ಕರಗುತ್ತದೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಎಂಬ ದ್ರಾವಕ ಇರುವುದರಿಂದ ರೆಸಿನ್ ಹಚ್ಚಿದರೂ ಕರಗುತ್ತದೆ. ಒಡೆದರೆ ಕಾಳು ಕಾಳಾಗಿ ಕಡಲು ಸೇರುತ್ತದೆ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿಯ ಫೋಮ್ ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು. ಮುಚ್ಚಿದ ಆಳದ ಜಾಗದಲ್ಲಿ ಅದರ ಒಳಭಾಗ ಹಸಿಯಾಗಿಯೇ ಉಳಿಯಬಹುದು. ಎರಡು ದ್ರವಗಳನ್ನು ಬೆರೆಸಿ ಸುರಿಯುವ ಪಾಲಿಯುರೆಥೇನ್ ವಾಸಿ. ಬೆರೆಸಿದ ನಿಮಿಷದೊಳಗೆ ಅದು ಉಬ್ಬತೊಡಗಿ 25-30 ಪಟ್ಟು ಆಗುತ್ತದೆ. ಉಬ್ಬುವಾಗ ಬಿಸಿಯಾಗುತ್ತದೆ. ಒಂದೇ ಸಲ ತುಂಬಾ ಸುರಿದರೆ ಒಳಗೆ ಸುಟ್ಟು ಕಪ್ಪಾಗುತ್ತದೆ, ಬೆಂಕಿಯೂ ಹತ್ತಬಹುದು. ಹೊರಗೆ ಬರಲು ತೂತು ಬಿಡದಿದ್ದರೆ ಗೋಡೆಯನ್ನೇ ಉಬ್ಬಿಸುತ್ತದೆ. ಬೆರೆಸುವ ದ್ರವಗಳಲ್ಲಿ ಒಂದಾದ ಐಸೊಸಯನೇಟ್‌ನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಆವಿ ತಡೆಯುವ ಮಾಸ್ಕ್ ಬೇಕು.

ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ದೋಣಿ ರಿಪೇರಿಗೆ ಬಿಡುವು ಸಿಗುವುದೂ ಆಗಲೇ. ಆದರೆ ಫೋಮ್ ಸುರಿಯಲು ಅದು ಕೆಟ್ಟ ಕಾಲ. ಐಸೊಸಯನೇಟ್ ನೀರಿನೊಂದಿಗೂ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ದೋಣಿಯ ಒಡಲು ಒದ್ದೆಯಿದ್ದರೆ ಫೋಮ್‌ನ ಗುಳ್ಳೆಗಳು ಹದ ತಪ್ಪುತ್ತವೆ, ಅಂಟೂ ಕೂರುವುದಿಲ್ಲ. ಫೆಬ್ರವರಿ, ಮಾರ್ಚ್ ಒಳ್ಳೆಯದು.

ಹಳೆಯ ಫೋಮ್ ಇದ್ದರೆ ಮೊದಲು ಸಣ್ಣ ತೂತು ಕೊರೆದು ಒಂದು ತುಂಡು ತೆಗೆದು ಹಿಂಡಿ ನೋಡಿ. ಗುಳ್ಳೆಗಳೆಲ್ಲ ಮುಚ್ಚಿದ್ದರೂ ವರ್ಷಗಟ್ಟಲೆ ನೀರಿನಲ್ಲೇ ಕೂತರೆ ಗೋಡೆಗಳು ಒಡೆದು ನೀರು ಒಳಗೆ ಸೇರುತ್ತದೆ. ನೀರು ಕುಡಿದ ಫೋಮ್ ತೇಲಿಸುವುದಿಲ್ಲ, ದೋಣಿಗೆ ಭಾರವಾಗುತ್ತದೆ. ಅದನ್ನು ಪೂರ್ತಿ ಕಿತ್ತು ತೆಗೆಯಬೇಕು. ಹೊಸದನ್ನು ಹಾಕುವಾಗ ತಳದ ನಡುವೆ ನೀರು ಹರಿದು ಹೋಗಲು ದಾರಿ ಬಿಡಬೇಕು. ಸುರಿಯುವ ಫೋಮ್ ದುಬಾರಿ ಅನಿಸಿದರೆ ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಬಾಟಲಿಗಳನ್ನು ಬಲೆಯಲ್ಲಿ ಕಟ್ಟಿ ಪಕ್ಕದ ಸೀಟುಗಳ ಅಡಿಯಲ್ಲಿ ಬಿಗಿಯಬಹುದು. ಲೀಟರಿಗೆ ಕಿಲೋ ಎಂಬ ಲೆಕ್ಕ ಅದಕ್ಕೂ ನಡೆಯುತ್ತದೆ, ವರ್ಷಕ್ಕೊಮ್ಮೆ ತೆಗೆದು ನೋಡಲೂ ಆಗುತ್ತದೆ.

ಕೆಲಸ ಮುಗಿದ ಮೇಲೆ ಕಡಲಿಗೆ ಇಳಿಸುವ ಮೊದಲು ಕೋಡಿ ಬೆಂಗ್ರೆಯ ಹೊಳೆಬದಿಯಂಥ ಶಾಂತ ಜಾಗದಲ್ಲಿ, ಎದೆಮಟ್ಟದ ನೀರಿನಲ್ಲಿ ದೋಣಿಯನ್ನು ಬೇಕೆಂದೇ ತುಂಬಿಸಿ ನೋಡಬೇಕು. ಎಂಜಿನ್ ಬಿಚ್ಚಿಟ್ಟು ಆ ಜಾಗದಲ್ಲಿ ಅಷ್ಟೇ ತೂಕದ ಕಬ್ಬಿಣ ಕಟ್ಟಿ. ಮರಳಿನ ಚೀಲ ಬೇಡ, ನೀರಿನಲ್ಲಿ ಮರಳು ತನ್ನ ತೂಕದ ಮೂರನೇ ಒಂದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತದೆ. ಇಬ್ಬರು ಒಂದೇ ಪಕ್ಕದ ಅಂಚನ್ನು ಹಿಡಿದು ಜೋತುಬೀಳಲಿ. ಮೇಲಂಚು ಪೂರ್ತಿ ಮುಳುಗಿದರೆ ಆ ಎತ್ತರದಲ್ಲಿ ಎರಡೂ ಪಕ್ಕಕ್ಕೆ ಫೋಮ್ ಸಾಲದು. ಹಿಂಬದಿ ಇಳಿದರೆ ಮೂಲೆಗಳಿಗೆ ಇನ್ನಷ್ಟು ಲೀಟರ್ ಸೇರಿಸಿ, ಮತ್ತೆ ತುಂಬಿಸಿ ನೋಡಿ.