ರನ್ ಅಂದರೆ ಬರೀ ಓಡುವುದಲ್ಲ

ಅಕ್ಕನ ಮಗಳು ಆರನೇ ಕ್ಲಾಸು. ಮೊನ್ನೆ ಇಂಗ್ಲಿಷ್ ವಾಕ್ಯಗಳನ್ನು ಕನ್ನಡದಲ್ಲಿ ಬರೆಯುತ್ತಾ ಕೂತಿದ್ದಳು. 'ಮೈ ಅಂಕಲ್ ರನ್ಸ್ ಎ ಹೋಟೆಲ್' ಅನ್ನುವುದಕ್ಕೆ 'ನನ್ನ ಮಾವ ಹೋಟೆಲ್ ಓಡಿಸುತ್ತಾರೆ' ಎಂದು ಬರೆದಳು. ಆಮೇಲೆ ತಾನೇ ಜೋರಾಗಿ ಓದಿಕೊಂಡು, "ಚಿಕ್ಕಮ್ಮ, ಇದು ಯಾಕೋ ಸರಿ ಅನ್ನಿಸ್ತಾ ಇಲ್ಲ" ಅಂದಳು. ಅವಳ ಕಿವಿ ಚುರುಕಾಗಿತ್ತು. ನಾವು ಬಸ್ಸು ಓಡಿಸುತ್ತೇವೆ, ಹೋಟೆಲ್ ನಡೆಸುತ್ತೇವೆ.

ಆವತ್ತಿನಿಂದ ಈ ಪದ ನನ್ನ ತಲೆಯಲ್ಲೇ ಕೂತಿದೆ. ಇಂಗ್ಲಿಷಿನಲ್ಲಿ ಓಡುವ ಎಷ್ಟೋ ಸಂಗತಿಗಳು ಕನ್ನಡದಲ್ಲಿ ನಡೆಯುತ್ತವೆ. ಅಂಗಡಿ, ಶಾಲೆ, ಸರ್ಕಾರ ಎಲ್ಲವೂ ಹಾಗೇ. ನೀರಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಒಂದೊಂದಕ್ಕೂ ಒಂದೊಂದು ಮಾತು. ಹೊಳೆ ಹರಿಯುತ್ತದೆ, ನಲ್ಲಿ ಸುರಿಯುತ್ತದೆ, ನೆಗಡಿಯಾದರೆ ಮೂಗು ಸೋರುತ್ತದೆ, ಹೊಸ ಸೀರೆ ನೆನೆಸಿದರೆ ಬಣ್ಣ ಬಿಡುತ್ತದೆ. ಇಂಗ್ಲಿಷಿಗೆ ಈ ನಾಲ್ಕಕ್ಕೂ ರನ್ ಒಂದೇ ಸಾಕು. ಬೇಸಿಗೆಯಲ್ಲಿ ಬಾವಿ ಬತ್ತಿದರೂ ರನ್ನೇ. ಪಕ್ಕಕ್ಕೆ 'ಡ್ರೈ' ಸೇರಿಸಿಕೊಳ್ಳುತ್ತಾರೆ, ಅಷ್ಟೇ.

ಓಡುವ ಪದ ನೀರಿಗೆ ಹೇಗೆ ಬಂತು? ಅದು ಆಮೇಲೆ ಬಂದದ್ದಲ್ಲ, ಬೇರಿನಲ್ಲೇ ಇತ್ತು. ಹಳೆಯ ಇಂಗ್ಲಿಷಿನ 'ರಿನ್ನನ್' ಎಂಬ ಕ್ರಿಯಾಪದಕ್ಕೆ ಹರಿಯುವುದು, ಓಡುವುದು ಎರಡೂ ಅರ್ಥ. ಸೋದರ ಭಾಷೆಯಾದ ಜರ್ಮನ್‌ನಲ್ಲಿ ಈಗಲೂ ಹರಿಯುವುದಕ್ಕೆ 'ರಿನ್ನೆನ್', ಓಡುವುದಕ್ಕೆ 'ರೆನ್ನೆನ್' ಎಂದು ಎರಡು ಪದಗಳಿವೆ. ಇಂಗ್ಲಿಷಿನಲ್ಲಿ ಎರಡೂ ಒಂದರಲ್ಲೇ ಕೂಡಿಕೊಂಡವು.

ಇಲ್ಲಿ ನನಗೆ ತುಂಬಾ ಖುಷಿ ಕೊಟ್ಟ ವಿಷಯ ಬೇರೆಯೇ. ಕನ್ನಡದಲ್ಲೂ ಇಂಥ ಪದ ಇದೆ, ಅದು 'ಓಡು' ಅಲ್ಲ, 'ಹರಿ'. ಇದರ ಹಳಗನ್ನಡ ರೂಪ 'ಪರಿ'. ಅದಕ್ಕೂ ಹರಿಯುವುದು, ಓಡುವುದು ಎರಡೂ ಅರ್ಥ. ಓಡುವ ಅರ್ಥ ಇವತ್ತು ಮರೆತಂತೆ ಕಂಡರೂ ಪೂರ್ತಿ ಹೋಗಿಲ್ಲ. 'ಲಾರಿ ಹರಿದು ಬೈಕ್ ಸವಾರ ಸಾವು' ಎಂಬ ಸುದ್ದಿಯನ್ನು ಪೇಪರ್‌ನಲ್ಲಿ ನೋಡಿರುತ್ತೀರಿ, ಅಲ್ವಾ? ಅದೇ ಇಂಗ್ಲಿಷಿನ 'ರನ್ ಓವರ್'. ಒಂದು ಪತ್ರದ ಮೇಲೆ ಕಣ್ಣು ಹರಿಸುತ್ತೇವೆ. ಅವರೂ ಕಣ್ಣನ್ನು ರನ್ ಮಾಡಿಸುತ್ತಾರೆ. 'ಸಂಗೀತ ಅವರ ರಕ್ತದಲ್ಲೇ ಹರಿದು ಬಂದಿದೆ' ಎಂದರೆ 'ಇಟ್ ರನ್ಸ್ ಇನ್ ದ ಫ್ಯಾಮಿಲಿ'. ಹಾಗಾಗಿ ರನ್ ಎಲ್ಲಾದರೂ ಎಡವಿಸಿದರೆ ಮೊದಲು 'ಹರಿ' ಇಟ್ಟು ನೋಡಿ ಅಂತ ಹುಡುಗಿಗೆ ಹೇಳಿದ್ದೇನೆ. ಅದು ಕೂರದಿದ್ದರೆ 'ನಡೆ'. 'ಓಡು' ಕೊನೆಗೆ.

'ಓಡು' ಬೇಡವೇ ಬೇಡ ಅಂತಲ್ಲ. ಗಾಡಿ, ಮೀಟರು, ಸಿನಿಮಾ ನಮ್ಮಲ್ಲೂ ಓಡುತ್ತವೆ. ಮನೆಯವರು ಒಪ್ಪದಿದ್ದರೆ ಪ್ರೇಮಿಗಳೂ ಓಡಿಹೋಗುತ್ತಾರೆ, ಇಂಗ್ಲಿಷಿನಲ್ಲೂ 'ರನ್ ಅವೇ'.

ಯಂತ್ರಗಳು ಬಂದ ಮೇಲೆ ಈ ಪದಕ್ಕೆ ಹೊಸ ಕೆಲಸ ಸಿಕ್ಕಿತು. ರೈಲು, ಮೋಟಾರು, ಕೊನೆಗೆ ಕಂಪ್ಯೂಟರ್ ಪ್ರೋಗ್ರಾಮ್ ಎಲ್ಲವೂ ರನ್ ಆಗತೊಡಗಿದವು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿ 1928ರಲ್ಲಿ ಮುಗಿದಾಗ ಅದರಲ್ಲಿ ಅತಿ ದೊಡ್ಡ ನಮೂದು 'ಸೆಟ್' ಪದದ್ದು. 1989ರ ಎರಡನೇ ಆವೃತ್ತಿಯಲ್ಲೂ 'ಸೆಟ್' ಮುಂದಿತ್ತು. ಆಮೇಲೆ ನಿಘಂಟನ್ನು ಪರಿಷ್ಕರಿಸುವಾಗ ಪೀಟರ್ ಗಿಲಿವರ್ ಎಂಬ ನಿಘಂಟುಕಾರರು 'ರನ್' ಅನ್ನು ಕೈಗೆತ್ತಿಕೊಂಡರು. ಈ ಒಂದು ಪದಕ್ಕೇ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಬರೀ ಕ್ರಿಯಾಪದವಾಗಿಯೇ 645 ಅರ್ಥಗಳು ಸಿಕ್ಕವು. ಮೂರಕ್ಷರದ ಪದದೊಳಗೆ ಇಷ್ಟೊಂದು!

ಚುನಾವಣೆಯ ಮಾತು ಇನ್ನೂ ಸ್ವಾರಸ್ಯ. ಅಮೆರಿಕದಲ್ಲಿ ಅಭ್ಯರ್ಥಿ 'ರನ್' ಮಾಡುತ್ತಾನೆ. ಬ್ರಿಟನ್ನಿನಲ್ಲಿ 'ಸ್ಟ್ಯಾಂಡ್' ಆಗುತ್ತಾನೆ. ನಾವೂ ಚುನಾವಣೆಗೆ ನಿಲ್ಲುವವರೇ. ಅಮೆರಿಕದಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು 'ರನ್ನಿಂಗ್ ಮೇಟ್' ಅನ್ನುತ್ತಾರೆ. ಅದು ಕುದುರೆ ರೇಸಿನಿಂದ ಬಂದ ಮಾತು. ಒಂದೇ ಲಾಯದ ಇನ್ನೊಂದು ಕುದುರೆಗೆ ವೇಗ ಹಿಡಿದುಕೊಡಲು ಜೊತೆಯಲ್ಲಿ ಓಡುವ ಕುದುರೆಗೆ ಆ ಹೆಸರಿತ್ತು.

ಕಲಿಯುವವರಿಗೆ ಜಾಸ್ತಿ ತೊಂದರೆ ಕೊಡುವುದು ರನ್ ಪಕ್ಕದಲ್ಲಿ ಬಂದು ಕೂರುವ ಪುಟ್ಟ ಪದಗಳು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ 'ರನ್ ಔಟ್ ಆಫ್'. ಸಂತೆಯಲ್ಲಿ ಹಳೆಯ ಗೆಳತಿ ಅಚಾನಕ್ಕಾಗಿ ಸಿಕ್ಕರೆ 'ರನ್ ಇನ್‌ಟು'. ಆದರೆ ಕಾರು ಮರಕ್ಕೆ ಗುದ್ದಿದರೂ 'ರನ್ ಇನ್‌ಟು'. ಯಾರು, ಏನು ಅನ್ನುವುದನ್ನು ನೋಡಿಯೇ ಅರ್ಥ ಮಾಡಿಕೊಳ್ಳಬೇಕು. 'ರನ್ ಡೌನ್' ಅಂತೂ ಇನ್ನೂ ಕಷ್ಟ. ಒಬ್ಬರನ್ನು ಹೀಗಳೆಯುವುದೂ ಅದೇ, ಬ್ಯಾಟರಿ ಖಾಲಿಯಾಗುವುದೂ ಅದೇ. ಸುಣ್ಣ ಬಣ್ಣ ಕಾಣದೆ ಪಾಳುಬಿದ್ದ ಮನೆಗೂ, ದುಡಿದು ದುಡಿದು ಸೊರಗಿದ ಮನುಷ್ಯನಿಗೂ ಅದೇ ಮಾತು. ಅಂಗಡಿಯಲ್ಲಿ ಸಾಲ ಬೆಳೆಸಿಕೊಂಡರೆ 'ರನ್ ಅಪ್'. ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ನಾಳೆಗೇ ಮರೆಯುತ್ತವೆ. ಓದುವಾಗ ಸಿಕ್ಕ ವಾಕ್ಯದ ಜೊತೆಗೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕೆಲವು ನುಡಿಗಟ್ಟುಗಳ ಹಿಂದೆ ಕಥೆಯೇ ಇದೆ. ಅಪಾಯ ಕಂಡ ಹಡಗಿಗೆ ಲಂಗರು ಮೇಲೆತ್ತುವಷ್ಟು ಸಮಯ ಇಲ್ಲದಿದ್ದರೆ ನಾವಿಕರು ಅದರ ಹಗ್ಗವನ್ನೇ ಕಡಿದು, ಗಾಳಿ ಬೀಸಿದತ್ತ ಹಡಗು ಬಿಡುತ್ತಿದ್ದರು. ಅದರಿಂದ ಬಂದದ್ದು 'ಕಟ್ ಅಂಡ್ ರನ್', ಅಂದರೆ ಕೈಬಿಟ್ಟು ಪರಾರಿಯಾಗುವುದು. 'ರನ್ ದ ಗಾಂಟ್ಲೆಟ್' ಸ್ವೀಡಿಷ್ ಭಾಷೆಯ 'ಗಾಟ್‌ಲಾಪ್' ಪದದಿಂದ ಬಂತು. ಅದು ಸೈನ್ಯದ ಒಂದು ಕ್ರೂರ ಶಿಕ್ಷೆ. ಎರಡು ಸಾಲು ಸೈನಿಕರು ಎದುರುಬದುರು ನಿಲ್ಲುತ್ತಾರೆ. ತಪ್ಪಿತಸ್ಥ ನಡುವಿನ ಓಣಿಯಲ್ಲಿ ಹಾದು ಹೋಗಬೇಕು, ಎರಡೂ ಕಡೆಯಿಂದ ಏಟು ತಿನ್ನಬೇಕು. ಈಗ ಎಲ್ಲರ ಟೀಕೆ ಎದುರಿಸಿ ಹೋಗುವುದಕ್ಕೂ ಈ ಮಾತು ಬಳಸುತ್ತಾರೆ. 'ರನ್ ಆಫ್ ದ ಮಿಲ್' ಅಷ್ಟು ಘೋರವಲ್ಲ. ಗಿರಣಿಯಿಂದ ಹೊರಬಿದ್ದ ಮಾಲನ್ನು ಆರಿಸದೆ, ದರ್ಜೆ ಮಾಡದೆ ಹಾಗೇ ಮಾರಿದರೆ ಅದಕ್ಕೆ ಆ ಹೆಸರು. ಅದಕ್ಕೇ ವಿಶೇಷ ಏನೂ ಇಲ್ಲದ ಸಾಮಾನ್ಯ ವಸ್ತುವಿಗೂ ಅದೇ ಹೆಸರಾಯಿತು.

ನಮ್ಮ ಊರಿನ ಹುಡುಗರೆಲ್ಲ ದಿನಾ ಬಳಸುವ ರನ್ ಕ್ರಿಕೆಟ್ಟಿನದು. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಆಟದಲ್ಲಿ ಅದನ್ನು 'ನಾಚ್' ಎಂದೂ ಕರೆಯುತ್ತಿದ್ದರು. ಲೆಕ್ಕ ಇಡುವವರು ಕೋಲಿನ ಮೇಲೆ ಚಾಕುವಿನಿಂದ ಒಂದೊಂದು ಓಟಕ್ಕೆ ಒಂದೊಂದು ಕಚ್ಚು ಹಾಕುತ್ತಿದ್ದರು. ಆಮೇಲೆ ಕೋಲು ಹೋಗಿ ಸ್ಕೋರ್ ಪುಸ್ತಕ ಬಂತು, 'ನಾಚ್' ಮರೆಯಾಗಿ 'ರನ್' ಉಳಿಯಿತು. ಚೆಂಡು ನೆಲಕ್ಕೆ ಬಿದ್ದು ಬೌಂಡರಿ ದಾಟಿದರೆ ಯಾರೂ ಒಂದು ಹೆಜ್ಜೆ ಓಡದಿದ್ದರೂ ನಾಲ್ಕು ರನ್.