ಮನೆ ಕೊಡುವ ಮೊದಲು ಇಷ್ಟೊಂದು ವಿಚಾರಣೆ ಯಾಕೆ?

ಪ್ರಶ್ನೆ: ಬೀದಿಯಲ್ಲಿ ಮಲಗುವವರಿಗೆ ಬೇಕಿರುವುದು ಮನೆ. ಅದು ಯಾರ ಕಣ್ಣಿಗಾದರೂ ಕಾಣುತ್ತದೆ. ಹಾಗಿದ್ದೂ ಅವರನ್ನು ಕೂರಿಸಿಕೊಂಡು ಕಾಯಿಲೆ, ಸಾಲ, ಕುಡಿತ, ಪೊಲೀಸ್ ಕೇಸು ಅಂತ ಪುಟಗಟ್ಟಲೆ ವಿಚಾರಿಸಿ ಅಂಕ ಹಾಕುತ್ತಾರಂತೆ. ಇದು ಬಡವರಿಗೆ ಒಡ್ಡುವ ಇನ್ನೊಂದು ಪರೀಕ್ಷೆ ಅಲ್ಲವೇ?

ಉತ್ತರ: ಪರೀಕ್ಷೆ ಆಗಬಾರದು. ಆದರೆ ಕೆಲವು ಕಡೆ ಆಗಿಬಿಟ್ಟಿದೆ ಎನ್ನುವುದೂ ನಿಜ, ಹಾಗಾಗಿ ನಿಮ್ಮ ಸಿಟ್ಟಿಗೆ ಕಾರಣವಿದೆ. ಈ ವಿಚಾರಣೆಯ ಮೂಲ ಉದ್ದೇಶ ಒಬ್ಬರು ಮನೆಗೆ ಯೋಗ್ಯರೋ ಅಲ್ಲವೋ ಎಂದು ನೋಡುವುದಲ್ಲ. ಬೀಗದ ಕೈ ಸಿಕ್ಕ ಮೇಲೆ ಆ ಮನೆಯಲ್ಲಿ ಅವರು ನೆಲೆ ನಿಲ್ಲಬೇಕಾದರೆ ಜೊತೆಗೆ ಏನೇನು ಬೇಕು, ಎಷ್ಟು ದಿನ ಬೇಕು, ಯಾರಿಂದ ಬೇಕು ಎಂದು ತಿಳಿಯುವುದು. ಮನೆಗೆ ಎಲ್ಲರೂ ಯೋಗ್ಯರೇ. ಬೇಕಾದ ಆಸರೆ ಮಾತ್ರ ಎಲ್ಲರಿಗೂ ಒಂದೇ ಅಲ್ಲ.

ಕೆಲಸ ಹೋಗಿ ಬಾಡಿಗೆ ಕಟ್ಟಲಾರದೆ ಹೊರಬಿದ್ದ ಕುಟುಂಬಕ್ಕೆ ಮುಂಗಡದ ಹಣ ಮತ್ತು ಮೂರ್ನಾಲ್ಕು ತಿಂಗಳ ಬಾಡಿಗೆ ಸಿಕ್ಕರೆ ಸಾಕಾಗಬಹುದು. ಹತ್ತು ವರ್ಷ ಫುಟ್‌ಪಾತಿನಲ್ಲೇ ಕಳೆದು, ಮಾನಸಿಕ ಕಾಯಿಲೆಗೆ ಔಷಧಿ ತಪ್ಪಿಹೋಗಿ, ಗುರುತಿನ ಚೀಟಿಯನ್ನೂ ಕಳೆದುಕೊಂಡವರಿಗೆ ಬರೀ ಬಾಡಿಗೆ ಕಟ್ಟಿಕೊಟ್ಟರೆ ಮೂರನೇ ತಿಂಗಳಿಗೆ ಮತ್ತೆ ಬೀದಿಯೇ. ಇಬ್ಬರಿಗೂ ಒಂದೇ ಪೊಟ್ಟಣ ಹಂಚಿದರೆ ಮೊದಲನೆಯವರ ಮೇಲೆ ಬೇಡದ ಉಸ್ತುವಾರಿ ಹೇರಿದ ಹಾಗೆ, ಎರಡನೆಯವರನ್ನು ನಡುನೀರಿನಲ್ಲಿ ಕೈಬಿಟ್ಟ ಹಾಗೆ.

ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ತೋರಿಸಿದವರು ಅಮೆರಿಕದ ಸಂಶೋಧಕರಾದ ರಾಂಡಾಲ್ ಕುನ್ ಮತ್ತು ಡೆನ್ನಿಸ್ ಕಲ್ಹೇನ್. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ಆಶ್ರಯತಾಣಗಳ ದಾಖಲೆ ಹಿಡಿದು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಕಂಡದ್ದು: ಅಲ್ಲಿಗೆ ಬಂದವರಲ್ಲಿ ಸುಮಾರು ಶೇ. 80 ಮಂದಿ ಸ್ವಲ್ಪ ಕಾಲ ಇದ್ದು ಹೊರಟುಹೋಗುತ್ತಾರೆ. ಸುಮಾರು ಶೇ. 10 ಮಂದಿ ಬಂದು ಹೋಗಿ ಮಾಡುತ್ತಿರುತ್ತಾರೆ. ಉಳಿದ ಸುಮಾರು ಶೇ. 10 ಮಂದಿ ಬಹುಕಾಲ ಅಲ್ಲೇ ಉಳಿಯುತ್ತಾರೆ, ಮತ್ತು ಆಶ್ರಯತಾಣದ ಒಟ್ಟು ದಿನಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಈ ಚಿಕ್ಕ ಗುಂಪೇ ಬಳಸುತ್ತದೆ. ಯಾರು ಯಾವ ಗುಂಪಿನವರು ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಕೇಳಲೇಬೇಕು.

ಕೇಳಿದ ಮೇಲೆ ಅದರಿಂದ ಏನು ಮಾಡಬಹುದು ಎನ್ನುವುದಕ್ಕೆ ನನಗೆ ತಿಳಿದ ಒಳ್ಳೆಯ ಉದಾಹರಣೆ ಕೆನಡಾದ್ದು. ಅದಕ್ಕೂ ಮೊದಲು ಒಂದು ಹಿನ್ನೆಲೆ. 1992ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ನ್ಯೂಯಾರ್ಕಿನಲ್ಲಿ 'ಪಾಥ್‌ವೇಸ್ ಟು ಹೌಸಿಂಗ್' ಎಂಬ ಸಂಸ್ಥೆ ಶುರುಮಾಡುವ ತನಕ ಅಲ್ಲಿ ನಡೆಯುತ್ತಿದ್ದ ಕ್ರಮವೇ ಬೇರೆ. ಮೊದಲು ಕುಡಿತ ಬಿಡು, ಔಷಧಿ ತಗೋ, ಶಿಸ್ತು ತೋರಿಸು, ಆಮೇಲೆ ಮನೆ. ಸೆಂಬೆರಿಸ್ ಇದನ್ನು ತಿರುವುಮುರುವು ಮಾಡಿದರು: ಮೊದಲು ಮನೆ, ಉಳಿದದ್ದೆಲ್ಲ ಆಮೇಲೆ, ಅದೂ ಅವರು ಒಪ್ಪಿದರೆ. ಇದಕ್ಕೆ 'ಹೌಸಿಂಗ್ ಫಸ್ಟ್' ಎಂದು ಹೆಸರಾಯಿತು.

ಕೆನಡಾದ ಮಾನಸಿಕ ಆರೋಗ್ಯ ಆಯೋಗ ಸರ್ಕಾರದ ಹಣದಲ್ಲಿ ಇದನ್ನು 2009ರಿಂದ 2013ರವರೆಗೆ ವ್ಯಾಂಕೂವರ್, ವಿನ್ನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್ ಎಂಬ ಐದು ನಗರಗಳಲ್ಲಿ ಮಾನಸಿಕ ಕಾಯಿಲೆಯೂ ಇದ್ದ ಸುಮಾರು 2,000 ವಸತಿಹೀನರ ಜೊತೆ ಪರೀಕ್ಷಿಸಿ ನೋಡಿತು. ಮನೆ ಕೊಡುವ ಮೊದಲೇ ಅಗತ್ಯ ಅಳೆದು ಅವರನ್ನು ಎರಡು ಗುಂಪು ಮಾಡಿದ್ದರು. ಹೆಚ್ಚಿನ ಅಗತ್ಯ ಇದ್ದವರಿಗೆ ಮನೋವೈದ್ಯರು, ನರ್ಸ್ ಎಲ್ಲ ಇರುವ ಒಂದು ಇಡೀ ತಂಡ. ಹತ್ತು ಮಂದಿಗೆ ಒಬ್ಬರಂತೆ ಸಿಬ್ಬಂದಿ, ಹಗಲು ರಾತ್ರಿ ಯಾವಾಗ ಕರೆದರೂ ಸಿಗುವಂತೆ. ಮಧ್ಯಮ ಅಗತ್ಯದವರಿಗೆ ಒಬ್ಬ ಕೇಸ್ ಮ್ಯಾನೇಜರ್. ಅವರು ಇಪ್ಪತ್ತು ಮಂದಿಯವರೆಗೂ ನೋಡಿಕೊಳ್ಳಬಹುದು; ಡಾಕ್ಟರ ಹತ್ತಿರ ಕರೆದೊಯ್ಯುವುದು, ಅರ್ಜಿ ತುಂಬಿಸುವುದು, ಮನೆ ಮಾಲೀಕರ ಜೊತೆ ಮಾತಾಡುವುದು ಇಂಥ ಕೆಲಸ. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ, ಹೀಗೆ ಮನೆ ಮತ್ತು ಆಸರೆ ಎರಡೂ ಸಿಕ್ಕ ಹೌಸಿಂಗ್ ಫಸ್ಟ್ ಗುಂಪಿನ ಶೇ. 62 ಮಂದಿ ಒಂದು ದಿನವೂ ಬಿಡದೆ ಮನೆಯಲ್ಲಿದ್ದರು. ಹೋಲಿಕೆಗೆಂದು ಇಟ್ಟ, ಎಂದಿನ ಸೇವೆಯಷ್ಟೇ ಸಿಕ್ಕ ಗುಂಪಿನಲ್ಲಿ ಹಾಗೆ ಇದ್ದವರು ಶೇ. 31.

ಇಲ್ಲಿ ಅಳತೆಯ ಕೆಲಸ ಏನಾಗಿತ್ತು ನೋಡಿ. ಮನೆ ಸಿಗುತ್ತದೋ ಇಲ್ಲವೋ ಎನ್ನುವುದನ್ನು ಅದು ತೀರ್ಮಾನಿಸಲಿಲ್ಲ. ಹೌಸಿಂಗ್ ಫಸ್ಟ್ ಗುಂಪಿನ ಎಲ್ಲರಿಗೂ ಮನೆ ಖಾತ್ರಿ ಇತ್ತು. ಯಾವ ತಂಡ ಜೊತೆಗಿರಬೇಕು ಎನ್ನುವುದನ್ನಷ್ಟೇ ತೀರ್ಮಾನಿಸಿತು. ಅಳತೆ ಇಷ್ಟಕ್ಕೇ ನಿಂತರೆ ಚೆಂದ.

ಹಾಗಾದರೆ ಎಡವಟ್ಟು ಆದದ್ದೆಲ್ಲಿ? ಮನೆಗಳು ಕಡಿಮೆ ಇದ್ದಲ್ಲಿ. ಅಮೆರಿಕದಲ್ಲಿ ಸಾಲು ಉದ್ದ, ಮನೆ ನಾಲ್ಕಾರು. ಮೊದಲು ಬಂದವರಿಗೆ ಮೊದಲು ಎನ್ನುವ ಪದ್ಧತಿಯಲ್ಲಿ ಓಡಾಡಬಲ್ಲವರು, ಫೋನ್ ಇದ್ದವರು, ಅರ್ಜಿ ಬರೆಯಬಲ್ಲವರು ಮುಂದೆ ಹೋದರು. ತೀರಾ ಕಷ್ಟದಲ್ಲಿದ್ದವರು ಹಿಂದೆಯೇ ಉಳಿದರು. ಇದನ್ನು ಸರಿಪಡಿಸಲು ಆರ್ಗ್‌ಕೋಡ್ ಮತ್ತು ಕಮ್ಯುನಿಟಿ ಸೊಲ್ಯೂಷನ್ಸ್ ಎಂಬ ಸಂಸ್ಥೆಗಳು 2013ರಲ್ಲಿ 'ವಿಐ-ಸ್ಪಿಡ್ಯಾಟ್' ಎಂಬ ಚಿಕ್ಕ ಪ್ರಶ್ನಾವಳಿ ತಂದವು. ಕೆಲವೇ ನಿಮಿಷದಲ್ಲಿ ಮುಗಿಯುವಂಥದ್ದು, ವಿಶೇಷ ತರಬೇತಿ ಬೇಡ, ಉಚಿತ ಬೇರೆ. ಕಾಳ್ಗಿಚ್ಚಿನಂತೆ ಹರಡಿತು.

ಒಂಟಿ ವಯಸ್ಕರಿಗಾಗಿ ಇದ್ದ ಅದರ ಎರಡನೇ ಆವೃತ್ತಿಯಲ್ಲಿ ಒಟ್ಟು 17 ಅಂಕ. 0–3 ಬಂದರೆ ವಸತಿ ನೆರವು ಬೇಡ, 4–7 ಬಂದರೆ ಸ್ವಲ್ಪ ಕಾಲದ ಬಾಡಿಗೆ ಸಹಾಯದ ಕಡೆ, 8 ಅಥವಾ ಹೆಚ್ಚು ಬಂದರೆ ಆಸರೆ ಸಮೇತ ಕಾಯಂ ಮನೆಯ ಕಡೆ. ಇದರೊಳಗಿನ ಒಂದೇ ಒಂದು ಅಂಕವನ್ನು ಹತ್ತಿರದಿಂದ ನೋಡೋಣ. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ತುರ್ತು ಚಿಕಿತ್ಸೆಗೆ ಹೋದಿರಿ, ಎಷ್ಟು ಸಲ ಆಂಬುಲೆನ್ಸ್ ಹತ್ತಿದಿರಿ, ಎಷ್ಟು ಸಲ ಆಸ್ಪತ್ರೆಯಲ್ಲಿ ದಾಖಲಾದಿರಿ, ಪೊಲೀಸರ ಜೊತೆ ಎಷ್ಟು ಸಲ ಮಾತಾಡಬೇಕಾಯಿತು ಎಂದೆಲ್ಲ ಕೇಳುತ್ತಾರೆ. ಎಲ್ಲ ಕೂಡಿ ನಾಲ್ಕು ಅಥವಾ ಹೆಚ್ಚಾದರೆ 1 ಅಂಕ. ಮೂರಾದರೆ ಸೊನ್ನೆ. ನಿದ್ದೆಗೆಟ್ಟು, ಜ್ವರದಲ್ಲಿ, ಯಾರೋ ಅಪರಿಚಿತರ ಮುಂದೆ ಕೂತವರು ಒಂದು ರಾತ್ರಿಯ ಆಂಬುಲೆನ್ಸನ್ನು ಮರೆತರೆ 8 ಆಗಬೇಕಾದದ್ದು 7 ಆಗುತ್ತದೆ. ಅಲ್ಲಿಗೆ ಕಾಯಂ ಮನೆಯ ಸಾಲಿನಿಂದ ಹೊರಗೆ.

ಮರೆವು ಬಿಡಿ, ಹೇಳದೆ ಇರುವುದಕ್ಕೂ ಕಾರಣಗಳಿವೆ. ಮಕ್ಕಳಿರುವ ತಾಯಿ ಗಂಡನ ಹೊಡೆತದ ಬಗ್ಗೆ, ತನ್ನ ಖಿನ್ನತೆಯ ಬಗ್ಗೆ ಬಾಯಿಬಿಟ್ಟರೆ ಮಕ್ಕಳನ್ನು ಕಿತ್ತುಕೊಂಡಾರು ಎಂದು ಹೆದರುತ್ತಾಳೆ. ಪೊಲೀಸರಿಂದ, ಆಸ್ಪತ್ರೆಯಿಂದ ಅವಮಾನ ಉಂಡ ಸಮುದಾಯದವರು ಆ ಕಡೆ ಹೋಗುವುದೇ ಕಡಿಮೆ, ಆದ್ದರಿಂದ 'ಎಷ್ಟು ಸಲ ಹೋದಿರಿ' ಎನ್ನುವ ಪ್ರಶ್ನೆಗೆ ಅವರ ಲೆಕ್ಕವೂ ಕಡಿಮೆ. ಅಮೆರಿಕದ ಕೆಲವು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ದಾಖಲೆ ಹಿಡಿದು 2019ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಕಪ್ಪು ಜನರಿಗೂ ಇತರ ವರ್ಣದವರಿಗೂ ಬಿಳಿಯರಿಗಿಂತ ಕಡಿಮೆ ಅಂಕ ಬಿದ್ದಿದ್ದು ಕಂಡಿತು. 2020ರ ಡಿಸೆಂಬರಿನಲ್ಲಿ ಆರ್ಗ್‌ಕೋಡ್ ತಾನೇ ಹುಟ್ಟುಹಾಕಿದ ಈ ಪ್ರಶ್ನಾವಳಿಯನ್ನು ಹಂತಹಂತವಾಗಿ ಕೈಬಿಡುವುದಾಗಿ ಪ್ರಕಟಿಸಿತು. ತುರ್ತಾಗಿ ಯಾರ ಕಡೆ ಗಮನ ಕೊಡಬೇಕು ಎಂದು ಗುರುತಿಸಲು ಮಾಡಿದ್ದನ್ನು ಜನ ತೀರ್ಪು ಕೊಡಲು ಬಳಸಿಕೊಂಡಿದ್ದರು.

ಇದೇ ಮನೆತನದ ದೊಡ್ಡಣ್ಣ 'ಸ್ಪಿಡ್ಯಾಟ್' ಬೇರೆ ಥರ. ಅದರಲ್ಲಿ ಹದಿನೈದು ವಿಷಯಗಳಿವೆ: ದೈಹಿಕ ಆರೋಗ್ಯ, ಮಾನಸಿಕ ಆರೋಗ್ಯ, ಔಷಧಿ, ಹಣಕಾಸು ನಿಭಾಯಿಸುವುದು, ಕೋರ್ಟು ಕಚೇರಿ ವ್ಯವಹಾರ, ಬಾಡಿಗೆ ಮನೆ ನಡೆಸಿಕೊಂಡು ಹೋಗುವುದು, ನಂಟು ಗೆಳೆತನ, ದಿನ ಕಳೆಯಲು ಮನಸ್ಸಿಗೆ ಹಿಡಿಸುವ ಕೆಲಸ ಇತ್ಯಾದಿ. ಇದನ್ನು ಹೌದು-ಇಲ್ಲ ಎಂದು ಗೀಚಿ ಮುಗಿಸಲಾಗುವುದಿಲ್ಲ. ಒಂದೆರಡು ಸಲ ಕೂತು ಮಾತಾಡಬೇಕು, ಅವರು ಒಪ್ಪಿದರೆ ಡಾಕ್ಟರನ್ನೋ ಆಶ್ರಯತಾಣದವರನ್ನೋ ಕೇಳಬೇಕು. ಮುಖ್ಯವಾಗಿ, ಮನೆ ಸಿಕ್ಕ ಮೇಲೂ ಆಗಾಗ ಮತ್ತೆ ಅಳೆಯುತ್ತಾರೆ. ಮನೆ ಸೇರಿದ ಮೊದಲ ತಿಂಗಳುಗಳಲ್ಲಿ ಒಂಟಿತನ ಜೋರಾಗಿರುತ್ತದೆ, ಹಳೆಯ ಗೆಳೆಯರೆಲ್ಲ ಹೊರಗೇ ಇರುತ್ತಾರೆ, ಯಾರೋ ಬಂದು ಮನೆಯಲ್ಲೇ ಬೀಡುಬಿಡುತ್ತಾರೆ, ಮಾಲೀಕರಿಂದ ದೂರು ಬರುತ್ತದೆ. ಒಳಬರುವ ದಿನದ ಅಂಕ ಇದ್ಯಾವುದನ್ನೂ ಹೇಳಿರುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಸಲದ ಅಳತೆಗಿಂತ ಮೂರನೇ ತಿಂಗಳ ಅಳತೆಗೇ ಬೆಲೆ ಜಾಸ್ತಿ.

ಇನ್ನು ಊರಿನ ಮಟ್ಟದ ಮಾತು. ಒಬ್ಬೊಬ್ಬರ ಅಗತ್ಯವನ್ನೂ ಒಂದೇ ಪಟ್ಟಿಯಲ್ಲಿ ಹೆಸರು ಸಮೇತ ಇಟ್ಟುಕೊಂಡರೆ ಊರಿನಲ್ಲಿ ಏನು ಕಡಿಮೆ ಇದೆ ಎನ್ನುವುದು ಗೊತ್ತಾಗುತ್ತದೆ. ವರ್ಷಕ್ಕೊಂದು ರಾತ್ರಿ ತಲೆ ಎಣಿಸಿದರೆ ಇದು ತಿಳಿಯುವುದಿಲ್ಲ. ಲೆಕ್ಕ ಸರಳ: ತಿಂಗಳಿಗೆ ಹೊಸದಾಗಿ ಮನೆ ಕಳೆದುಕೊಳ್ಳುವವರು 40 ಮಂದಿ, ಒಬ್ಬೊಬ್ಬರೂ ಸರಾಸರಿ 5 ತಿಂಗಳು ಹೊರಗಿರುತ್ತಾರೆ ಎಂದಿಟ್ಟುಕೊಳ್ಳಿ. ಆಗ ಯಾವ ದಿನ ಎಣಿಸಿದರೂ ಸುಮಾರು 200 ಮಂದಿ ಹೊರಗೆ. ಹೊಸಬರನ್ನು ತಡೆಯದೆಯೂ ಕಾಯುವ ಕಾಲವನ್ನು 2 ತಿಂಗಳಿಗೆ ಇಳಿಸಿದರೆ 80. ಅದೇ ಪಟ್ಟಿಯಲ್ಲಿ 30 ಮಂದಿಗೆ ನರ್ಸ್ ಸಮೇತದ ಮನೆ ಬೇಕಿದ್ದು ಊರಿನಲ್ಲಿ ಅಂಥದ್ದು 6 ಇದ್ದರೆ, ಮುಂದಿನ ಬಜೆಟ್ಟಿನಲ್ಲಿ ಏನು ಕೇಳಬೇಕು ಎನ್ನುವುದಕ್ಕೆ ಬೇರೆ ವರದಿ ಬೇಡ. ಕೆನಡಾದ ಮೆಡಿಸಿನ್ ಹ್ಯಾಟ್ ಪಟ್ಟಣ ಇಂಥ ಪಟ್ಟಿ ಇಟ್ಟುಕೊಂಡೇ, ದೀರ್ಘಕಾಲದಿಂದ ವಸತಿಹೀನರಾಗಿದ್ದವರ ಸಂಖ್ಯೆಯನ್ನು ಮೂರು ತಿಂಗಳು ಸತತವಾಗಿ ಮೂರು ಅಥವಾ ಅದಕ್ಕೂ ಕೆಳಗೆ ಇಳಿಸಿ, 2021ರಲ್ಲಿ ಆ ದೇಶದಲ್ಲಿ ಮೊದಲನೆಯದೆನಿಸಿತು.

ಕಟ್ಟಡವೇ ಇಲ್ಲದಿದ್ದರೆ ಯಾವ ಪಟ್ಟಿಯೂ ಸೂರಾಗುವುದಿಲ್ಲ ಎನ್ನುವುದು ಬೇರೆ ಮಾತು. ಮನೆ ಕಟ್ಟುವ ಕೆಲಸ ಮುಂದೂಡಿ ಪ್ರಶ್ನಾವಳಿಯನ್ನೇ ತಿದ್ದುತ್ತ ಕೂರುವ ಇಲಾಖೆಗಳಿಗೆ ಎಲ್ಲೂ ಬರವಿಲ್ಲ.

ಕೊನೆಯದಾಗಿ, ಯಾರಾದರೂ ನಿಮ್ಮನ್ನೋ ನಿಮ್ಮ ಪರಿಚಯದವರನ್ನೋ ಹೀಗೆ ಕೂರಿಸಿ ಕೇಳಿದರೆ ಮೊದಲು ನೀವೇ ಕೇಳಬೇಕಾದದ್ದಿದೆ: ಈ ಉತ್ತರಗಳನ್ನು ಯಾರು ಯಾರು ಓದುತ್ತಾರೆ, ಪೊಲೀಸರಿಗೆ ಹೋಗುತ್ತದೆಯೇ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಬೇಡವೆನಿಸಿದ ಪ್ರಶ್ನೆಗೆ 'ಹೇಳುವುದಿಲ್ಲ' ಎನ್ನಬಹುದು. ನೆಟ್ಟಗೆ ನಡೆಯುವ ವ್ಯವಸ್ಥೆಯಲ್ಲಿ ಅಷ್ಟಕ್ಕೇ ಪಟ್ಟಿಯಿಂದ ಹೆಸರು ಹೊಡೆದುಹಾಕುವುದಿಲ್ಲ. ಜನ ಓಡಾಡುವ ಜಾಗದಲ್ಲಿ, ಪಕ್ಕದವರಿಗೆ ಕೇಳಿಸುವಂತೆ ಕೇಳಿದರೆ ಬೇರೆ ಕೋಣೆ ಕೇಳಿ. ಸುಸ್ತಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಆಮೇಲೆ ಏನಾದರೂ ನೆನಪಾದರೆ, ಪರಿಸ್ಥಿತಿ ಕೆಟ್ಟರೆ, ಮತ್ತೊಮ್ಮೆ ಅಳೆಯಿರಿ ಎಂದು ಕೇಳಿ. ಅಂಕ ಎಷ್ಟು ಬಂತು ಎನ್ನುವುದಕ್ಕಿಂತ, ಅದನ್ನು ಇಟ್ಟುಕೊಂಡು ಮುಂದೇನು ಮಾಡುತ್ತಾರೆ, ಯಾರು ಮಾಡುತ್ತಾರೆ, ಯಾವತ್ತಿಗೆ ಎಂದು ಬರೆಸಿಕೊಂಡೇ ಎದ್ದು ಬನ್ನಿ.